ರಾತ್ರಿ ಪಾಳಿಯವರ ನಿದ್ದೆಗೆ ಗಿರಿಜಾಬಾಯಿಯ ಎಣ್ಣೆ

ಬೆಳಗಿನ ಐದೂಕಾಲು. ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂಬದಿಯ ಓಣಿಗೆ ಮೂರು ಬಿಳಿ ಇಂಡಿಕಾ, ಒಂದು ಸುಮೋ ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಇಳಿಯುವವರ ಕಣ್ಣು ಕೆಂಪಗಿವೆ, ಕಾಲು ನೆಟ್ಟಗೆ ಬೀಳುತ್ತಿಲ್ಲ. ಕುಡಿದವರೆಂದುಕೊಂಡರೆ ತಪ್ಪು. ರಾತ್ರಿಯಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಚ್ಚಿಬೌಲಿಯ ಕಂಪನಿಗಳ ನೌಕರರನ್ನು ಮನೆ ಮುಟ್ಟಿಸಿ ಬಂದ ಕ್ಯಾಬ್ ಚಾಲಕರು ಇವರು. ಚಪ್ಪಲಿ ಕಳಚುತ್ತಾರೆ, ಗಾಡಿಯ ಕೀಲಿಯನ್ನು ಬಾಗಿಲ ಬದಿಯ ತಾಮ್ರದ ಕೊಡದೊಳಗೆ ಹಾಕುತ್ತಾರೆ, ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂಡುತ್ತಾರೆ. ಇನ್ನು ಮುಂದೆ ಅವರ ತಲೆ ಗಿರಿಜಾಬಾಯಿಯ ಸುಪರ್ದಿಗೆ.

ಅರವತ್ತನಾಲ್ಕು ವರ್ಷದ ಗಿರಿಜಾಬಾಯಿ ಮೋಟು ಸ್ಟೂಲಿನ ಮೇಲೆ ಕೂತಿದ್ದಾರೆ. ಎದುರಿಗೆ ಮಣೆ, ಮಣೆಯ ಮೇಲೆ ಮೊದಲ ಚಾಲಕ. ಎಣ್ಣೆಯ ಬಟ್ಟಲಿಗೆ ಬೆರಳು ಅದ್ದುವ ಮೊದಲು ಅವರದು ಎರಡು ಪ್ರಶ್ನೆ. "ಕಡೀಗೆ ಯಾವಾಗ ನಿದ್ದಿ ಮಾಡಿದಿ? ಮತ್ತ ಯಾವಾಗ ಗಾಡಿ ಹತ್ತಬೇಕು?" ಉತ್ತರ ಬಾರದೆ ಬಟ್ಟಲು ಮುಟ್ಟುವುದಿಲ್ಲ. ಗೊಣಗಿದರೆ ಕಿವಿ ಹತ್ತಿರ ಬಾಗಿ ಇನ್ನೊಮ್ಮೆ ಕೇಳುತ್ತಾರೆ. ದೊಡ್ಡ ಆಸ್ಪತ್ರೆಯ ಡಾಕ್ಟರರೂ ಇಷ್ಟು ಖಡಕ್ಕಾಗಿ ವಿಚಾರಿಸಲಿಕ್ಕಿಲ್ಲ.

"ನೀಂದಿಚ್ ನೈ ಆರೈ, ಅಮ್ಮಾ," ಎನ್ನುತ್ತಾನೆ ಮಣೆಯ ಮೇಲಿನವನು. ಹೈದರಾಬಾದಿನ ಹಿಂದಿಯಲ್ಲಿ ನಿದ್ದೆಯೇ ಬರುತ್ತಿಲ್ಲವೆಂಬ ದೂರು. ಗಿರಿಜಾಬಾಯಿ ಅದೇ ಮಾತಿನಲ್ಲಿ "ಆತೀ ಬೇಟಾ, ಆತೀ" ಎಂದು ಸಮಾಧಾನ ಹೇಳಿ, ಅಂಗೈಯಷ್ಟು ಹಸಿರು ಎಣ್ಣೆಯನ್ನು ನೆತ್ತಿಯ ಮೇಲೆ ಬಿಡುತ್ತಾರೆ. ಬೆರಳುಗಳು ನೆತ್ತಿಯಿಂದ ಕಿವಿಯ ಹಿಂದಕ್ಕೆ, ಅಲ್ಲಿಂದ ಕುತ್ತಿಗೆಯ ಗುಳಿಗೆ ಇಳಿಯುತ್ತವೆ. ಆತುರವಿಲ್ಲ, ಒತ್ತಡ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಎಂಬುದೂ ಇಲ್ಲ. ಏಳೆಂಟು ನಿಮಿಷದಲ್ಲಿ ಮುಷ್ಟಿ ಕಟ್ಟಿಕೊಂಡಿದ್ದ ಆ ಮನುಷ್ಯನ ಬೆರಳುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ನೋಡುತ್ತ ಕೂತವರಿಗೆ ಮೈ ಜುಮ್ಮೆನ್ನುತ್ತದೆ.

ಇಂದು ಆಷಾಢ ಶುದ್ಧ ಏಕಾದಶಿ. ಹಾಲಿನ ಕಡಲಲ್ಲಿ ಮಲಗುವ ದೇವರು ನಾಲ್ಕು ತಿಂಗಳ ನಿದ್ದೆಗೆ ತೊಡಗುವ ದಿನವೆಂದು ಗಿರಿಜಾಬಾಯಿಯ ಮನೆತನದಲ್ಲಿ ನಂಬಿಕೆ. ನಿನ್ನೆ ಮಧ್ಯಾಹ್ನದ ಊಟದ ನಂತರ ಅವರ ಬಾಯಿಗೆ ಒಂದು ಹನಿ ನೀರು ಬಿದ್ದಿಲ್ಲ, ನಾಳೆ ಬೆಳಗಿನವರೆಗೆ ಬೀಳುವುದೂ ಇಲ್ಲ. ಇಂಥ ದಿನ ಎಣ್ಣೆ ಮುಟ್ಟಬಾರದೆಂಬುದು ಅವರ ಅತ್ತೆಯ ಕಾಲದಿಂದ ಬಂದ ಕಟ್ಟುನಿಟ್ಟು. ಆದರೂ ಈ ಹೊತ್ತು ಅವರ ಕೈ ಮಣಿಕಟ್ಟಿನವರೆಗೆ ಎಣ್ಣೆಯಲ್ಲಿ ಮುಳುಗಿದೆ.

ಈ ಪಡಸಾಲೆಯಲ್ಲಿ ನಿದ್ದೆ ಹೋದವರು ಎಷ್ಟು ಮಂದಿ ಎಂದು ಪತ್ರಿಕೆಯವರು ಕೇಳಿದರೆ ಗಿರಿಜಾಬಾಯಿ ಕೈಯಾಡಿಸಿ ನಗುತ್ತಾರೆ. ನಿದ್ದೆ ಹೋಗದ ಒಬ್ಬನ ಹೆಸರು ಮಾತ್ರ ದಿನಕ್ಕೆ ಹತ್ತು ಸಲ ಅವರ ಬಾಯಿಗೆ ಬರುತ್ತದೆ. ಅವನು ಲಿಂಗಸುಗೂರು ಕಡೆಯ ಹನುಮಂತ, ಮೂವತ್ತರ ಹರೆಯದವನು. ಹೋದ ವರ್ಷ ಇದೇ ಏಕಾದಶಿಯ ಬೆಳಿಗ್ಗೆ ಎಣ್ಣೆ ಕೇಳಿ ಬಂದಿದ್ದ. ಕೊಡದೆ ಕಳಿಸಿದರು. ಅಂದಿನಿಂದ ಅವನು ಸರಿಯಾಗಿ ಮಲಗಿಲ್ಲ, ತಲೆಗೆ ಕೈ ಹಚ್ಚಲೂ ಬಿಟ್ಟಿಲ್ಲ. "ಅಂವ ಒಂದ್ ಸಲ ಕಣ್ತುಂಬ ಮಲಗಿದ್ರ ಸಾಕ್ರಿ, ನಂದೇನೂ ಬೇಡಿಕಿ ಇಲ್ಲ," ಎನ್ನುವಾಗ ಅವರ ದನಿ ಸಣ್ಣದಾಗುತ್ತದೆ.

ಗಿರಿಜಾಬಾಯಿ ಹುಟ್ಟಿದ್ದು ದೇವದುರ್ಗದಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ಪ್ರಾಣೇಶರಾಯರ ಕೈಹಿಡಿದು ಹೈದರಾಬಾದಿಗೆ ಬಂದರು. ಮಾವನವರು ಹಳೆಯ ಕಾಲದ ಉರ್ದು ದಫ್ತರಿನಲ್ಲಿ, ಗಂಡ ಆಂಧ್ರ ಸರಕಾರದ ನೀರಾವರಿ ಕಚೇರಿಯಲ್ಲಿ ಗುಮಾಸ್ತರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಜಾರಿಗೆ ಹೋದರೆ ಉರ್ದು. ಮೂರನ್ನೂ ಕಲಿಸಿದವರು ಅತ್ತೆ ಸುಂದರಾಬಾಯಿ. ಎಣ್ಣೆ ಕಾಯಿಸುವುದನ್ನು ಕಲಿಸಿದವರೂ ಅವರೇ, ಅದೂ ಮದುವೆಯಾಗಿ ಆರು ವರ್ಷ ಕಳೆದ ಮೇಲೆ. ಅಲ್ಲಿಯವರೆಗೆ ಸೊಪ್ಪು ಸೋಸುವುದಷ್ಟೇ ಸೊಸೆಯ ಪಾಲಿನ ಕೆಲಸ.

"ನಮ್ಮತ್ತಿಯವರು ಭಾಳ ಬಿಗಿ. ಒಲಿ ಹತ್ರ ಬಿಡತಿದ್ದಿಲ್ಲ. ಎಣ್ಣಿ ಹೊತ್ತಿಸಿ ಕೂತ್ರ ಯಾರ ತಲಿಗೆ ಹಚ್ಚತಿ, ನಿಮ್ಮಪ್ಪನ ತಲಿಗೇನು ಅಂತಿದ್ರು," ಎಂದು ಗಿರಿಜಾಬಾಯಿ ಅತ್ತೆಯ ದನಿಯನ್ನೇ ತೆಗೆಯುತ್ತಾರೆ. ಸಾಲಿನಲ್ಲಿ ಕೂತ ಕನ್ನಡದ ಚಾಲಕರಿಬ್ಬರು ಕಿಸಕ್ಕನೆ ನಗುತ್ತಾರೆ. ಉಳಿದವರು ಅರ್ಥವಾಗದಿದ್ದರೂ ಜೊತೆಗೆ ನಗುತ್ತಾರೆ.

ಸುಂದರಾಬಾಯಿಯ ಎಣ್ಣೆ ಬಾಣಂತಿಯರಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ, ರಿಟೈರಾದ ಮೇಲೆ ಹೊತ್ತು ಹೋಗದೆ ಒದ್ದಾಡುವ ಗಂಡಸರಿಗೆ ಎಂದು ಬಳಗದೊಳಗೇ ಓಡಾಡುತ್ತಿತ್ತು. ತಾರ್ನಾಕದಿಂದಲೂ ನೆಂಟರು ಸೀಸೆ ಹಿಡಿದು ಬರುತ್ತಿದ್ದರಂತೆ. ಗಿರಿಜಾಬಾಯಿಯ ಕಾಲದಲ್ಲಿ ಅದು ಓಣಿಗೆ ಇಳಿಯಿತು. ಇಳಿಸಿದವನು ತಿಪ್ಪೇಸ್ವಾಮಿ.

ಚಳ್ಳಕೆರೆ ಕಡೆಯ ತಿಪ್ಪೇಸ್ವಾಮಿ ಏಳು ವರ್ಷದ ಹಿಂದೆ ಇದೇ ಮನೆಯ ಮಾಳಿಗೆಯ ಮೇಲಿನ ತಗಡಿನ ಖೋಲಿಗೆ ಬಾಡಿಗೆಗೆ ಬಂದ. ರಾತ್ರಿಯೆಲ್ಲ ಕ್ಯಾಬ್ ಓಡಿಸುವುದು, ಹಗಲೆಲ್ಲ ಕಾದ ತಗಡಿನ ಕೆಳಗೆ ಅತ್ತಿಂದಿತ್ತ ತಿರುಗುವುದು. ಕೆಳಗೆ ಜಪಕ್ಕೆ ಕೂತ ಗಿರಿಜಾಬಾಯಿಗೆ ಹೆಜ್ಜೆ ಸಪ್ಪಳ ಎಣಿಸುವುದೇ ಆಯಿತು. ಐದನೆಯ ದಿನ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು. "ಏನಪಾ, ನಮ್ಮ ತಲಿ ಮ್ಯಾಲೆ ಪೆರೇಡ್ ಮಾಡ್ಲಿಕತ್ತಿಯಲ್ಲ, ಯುದ್ಧಕ್ಕ ಹೊಂಟೀಯೇನು?"

"ನಾನು ಹೆದರ್ಕಂಡು ಕೆಳಗಿಳಿದೆ," ಎಂದು ತಿಪ್ಪೇಸ್ವಾಮಿ ಈಗ ನೆನೆಯುತ್ತಾನೆ. "ಖೋಲಿ ಖಾಲಿ ಮಾಡು ಅಂತಾರೇನೋ ಅಂತ. ನಿದ್ದೆ ಬತ್ತಿಲ್ಲ ಕಣಮ್ಮ ಅಂದೆ. ಮಣೆ ಹಾಕಿ ಕೂತ್ಕೋ ಅಂದ್ರು. ನಮ್ಮವ್ವ ಸತ್ತ ಮ್ಯಾಲೆ ನನ್ನ ತಲೆ ಯಾರೂ ಮುಟ್ಟಿರ್ಲಿಲ್ಲ."

ಅಂದು ಮಧ್ಯಾಹ್ನ ಮೇಲಿನಿಂದ ಸದ್ದೇ ಇಲ್ಲ. ಸಂಜೆಯಾದರೂ ಇಲ್ಲ. ಗಿರಿಜಾಬಾಯಿಗೆ ಜೀವ ಬಾಯಿಗೆ ಬಂತು. ಹುಡುಗ ಸತ್ತುಗಿತ್ತು ಹೋದನೋ ಎಂದು ಮೆಟ್ಟಿಲು ಹತ್ತಿ ಬಾಗಿಲ ಸಂದಿಯಿಂದ ಇಣುಕಿದರೆ, ಗೊರಕೆಗೆ ತಗಡು ನಡುಗುತ್ತಿತ್ತು. ಮಾರನೆಯ ಬೆಳಿಗ್ಗೆ ತಿಪ್ಪೇಸ್ವಾಮಿ ಇನ್ನಿಬ್ಬರನ್ನು ಕರೆದುಕೊಂಡು ಬಂದ. ವಾರ ಕಳೆಯುವುದರೊಳಗೆ ಒಂಬತ್ತು ಮಂದಿಯಾದರು. ಈಗ ದಿನಕ್ಕೆ ಹದಿನಾಲ್ಕರಿಂದ ಹದಿನೆಂಟು ತಲೆ. ಬಂದ್ ಕರೆ ಕೊಟ್ಟ ದಿನ, ಕಳೆದ ವಾರವೂ ಹಾಗೇ ಆಯಿತು, ಮೂರೋ ನಾಲ್ಕೋ. ಅಂಥ ದಿನ ಗಿರಿಜಾಬಾಯಿಗೆ ಕೈ ತುರಿಸುತ್ತದಂತೆ.

ಒಬ್ಬೊಬ್ಬರಿಗೆ ಹತ್ತು ನಿಮಿಷ. ಐದೂಕಾಲಿಗೆ ಕೂತರೆ ಎಂಟರವರೆಗೆ ಸ್ಟೂಲು ಬಿಟ್ಟು ಏಳುವಂತಿಲ್ಲ. ಕೊನೆಗೆ ಔಡಲೆಣ್ಣೆ ಹಚ್ಚಿ ಕಂಚಿನ ಬಟ್ಟಲಿನ ತಳದಿಂದ ಅಂಗಾಲು ತಿಕ್ಕುವ ಕೆಲಸ ತಿಪ್ಪೇಸ್ವಾಮಿಯದು. ಎಣ್ಣೆಯಾದವರಲ್ಲಿ ಆರು ಮಂದಿ ಹಿಂದಿನ ಕೋಣೆಯ ಚಾಪೆಗಳ ಮೇಲೆ ಮಲಗುತ್ತಾರೆ, ಉಳಿದವರು ಹತ್ತಿರದ ತಮ್ಮ ತಮ್ಮ ಖೋಲಿಗೆ ನಡೆದೇ ಹೋಗುತ್ತಾರೆ. ಕೀಲಿ ಕೊಡದಲ್ಲೇ ಇರಬೇಕು. ನಿದ್ದೆ ತೀರಿಸಿ, ಮುಖ ತೊಳೆದು, ಗಿರಿಜಾಬಾಯಿಯ ಎದುರು ನಿಂತು ಕಣ್ಣು ತೋರಿಸಿದ ಮೇಲೆಯೇ ಕೀಲಿ ವಾಪಸು. ಮಾಲೀಕ ಫೋನಿನಲ್ಲಿ ಅರಚಿದರೆ ಗಿರಿಜಾಬಾಯಿ ಫೋನು ಇಸಿದುಕೊಂಡು ತೆಲುಗಿನಲ್ಲಿ ಉತ್ತರ ಕೊಡುತ್ತಾರೆ. ಆ ತೆಲುಗು ಕೇಳಿದ ಮಾಲೀಕ ಮತ್ತೆ ಅದೇ ನಂಬರಿಗೆ ಫೋನು ಮಾಡಿದ್ದು ಕಡಿಮೆ.

ಕೂಲಿ ಎಂಬುದಿಲ್ಲ. ಬಂದವರು ಸೊಪ್ಪು ತರಬೇಕು, ಅದೇ ಕರಾರು. ಊರ ಹೊರಗಿನ ಕೆರೆಯಂಗಳ, ಹೊಸ ರಸ್ತೆಗಳ ಬದಿಯ ಕಾಲುವೆ, ಎಲ್ಲೆಲ್ಲಿ ತೇವವಿದೆಯೋ ಅಲ್ಲೆಲ್ಲ ಈ ಚಾಲಕರ ಕಣ್ಣು. ಬಿಳಿ ಹೂವಿನ ಗರಗ, ನೆಲಕ್ಕೆ ಅಂಟಿಕೊಂಡು ಹಬ್ಬುವ ಒಂದೆಲಗ, ಎರಡನ್ನೂ ಕಿತ್ತು ಸೀಟಿನ ಕೆಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ತರುತ್ತಾರೆ. ಹಿಂದಿನ ಸೀಟಿನಲ್ಲಿ ಕೂತ ಇಂಜಿನಿಯರುಗಳಿಗೆ ತಮ್ಮ ಕಾಲ ಬಳಿ ಯಾರದೋ ನಿದ್ದೆ ಪಯಣಿಸುತ್ತಿರುವುದು ಗೊತ್ತಿರುವುದಿಲ್ಲ. ಜಟಾಮಾಂಸಿ, ಲಾವಂಚದ ಬೇರು ಬೇಗಂ ಬಜಾರಿನಿಂದ ಬರುತ್ತವೆ.

ಪ್ರತಿ ಬುಧವಾರ ಎಣ್ಣೆ ಕಾಯುತ್ತದೆ. ಸೊಪ್ಪಿನ ರಸವನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಸಣ್ಣ ಉರಿಯ ಮೇಲಿಟ್ಟರೆ ನಾಲ್ಕೈದು ತಾಸು ಮಗುಚುತ್ತಲೇ ಇರಬೇಕು. ಹದ ಬಂತೋ ಇಲ್ಲವೋ ಎಂದು ತಿಳಿಯುವುದಕ್ಕೆ ಗಿರಿಜಾಬಾಯಿ ತಳದ ಗಸಿಯನ್ನು ಬೆರಳಲ್ಲಿ ಹೊಸೆದು ಬತ್ತಿ ಮಾಡಿ ದೀಪಕ್ಕೆ ಹಿಡಿಯುತ್ತಾರೆ. ಚಟಪಟ ಎಂದರೆ ನೀರಿನಂಶ ಉಳಿದಿದೆ. ಸದ್ದಿಲ್ಲದೆ ಉರಿದರೆ ಇಳಿಸಬಹುದು. "ನಿದ್ದಿ ಎಣ್ಣಿ ಸಪ್ಪಳ ಮಾಡಬಾರದ್ರಿ," ಎಂಬುದು ಅವರ ವಿವರಣೆ.

ಹೊಟ್ಟೆಗೆ ಅವರು ಏನೂ ಕೊಡುವುದಿಲ್ಲ. ಜಾಜಿಕಾಯಿ ತೇದು ಕೊಡಿ, ಗಸಗಸೆ ಅರೆದು ಕೊಡಿ ಎಂದು ಕೇಳಿದವರನ್ನು ಗದರುತ್ತಾರೆ. ಗಾಡಿ ಹೊಡೆಯುವವನ ಹೊಟ್ಟೆಯೊಳಗೆ ಮಂಪರು ಕೂರಬಾರದೆಂಬುದು ಅವರ ವಾದ. ನಿದ್ದೆಯಲ್ಲಿ ಉಸಿರು ಕಟ್ಟುವವರನ್ನು, ಎದೆ ಹಿಡಿಯುತ್ತದೆನ್ನುವವರನ್ನು ನೇರ ದವಾಖಾನೆಗೆ ಅಟ್ಟುತ್ತಾರೆ. ನೀವೇ ನಿದ್ದೆ ಕೊಡುತ್ತೀರಂತೆ ಎಂದರೆ ಕೈಮುಗಿಯುತ್ತಾರೆ. "ನಿದ್ದಿ ಕೊಡಲಿಕ್ಕೆ ನಾ ಯಾರ್ರಿ? ಅದು ಬರೋ ದಾರಿ ಕಸಾ ಹೊಡೀತೀನಿ, ಅಷ್ಟ."

ತಲೆ ಮುಟ್ಟಿದರೆ ಸಾಕು, ಎಷ್ಟು ದಿನ ನಿದ್ದೆಗೆಟ್ಟಿದೆ ಎಂದು ಹೇಳಬಲ್ಲರು ಎಂಬ ಮಾತು ಓಣಿಯಲ್ಲಿದೆ. ಪರೀಕ್ಷಿಸಿ ನೋಡಲು ಯಾರಿಗಾದರೂ ಆಸೆಯಾಗುತ್ತದೆ. ಸಾಲಿನ ನಾಲ್ಕನೆಯವನ ನೆತ್ತಿಯ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತುತ್ತಾರೆ. "ಒಂದ ದಿನ ಅಂದಿ. ಖರೇ ಹೇಳು, ಎರಡಲ್ಲ?" ಆ ಹುಡುಗ ತಲೆ ತಗ್ಗಿಸುತ್ತಾನೆ. ನೆತ್ತಿಯ ಬಿಸಿ, ಚರ್ಮದ ಬಿಗುವು, ಕಿವಿಯ ಹಿಂದೆ ನರ ಬಡಿಯುವ ರೀತಿ. ಇದನ್ನು ಯಾವ ಪುಸ್ತಕವೂ ಅವರಿಗೆ ಕಲಿಸಿಲ್ಲ. ನಲವತ್ತು ವರ್ಷದಲ್ಲಿ ಸಾವಿರಾರು ತಲೆಗಳು ಕಲಿಸಿವೆ.

ಇಷ್ಟೆಲ್ಲ ಬಲ್ಲ ಕೈ ಹನುಮಂತನ ತಲೆಯನ್ನು ಮುಟ್ಟಲೇ ಇಲ್ಲವಲ್ಲ ಎಂಬುದೇ ಗಿರಿಜಾಬಾಯಿಯ ಸಂಕಟ. ಹೋದ ವರ್ಷದ ಆ ಬೆಳಿಗ್ಗೆ ಎಣ್ಣೆಪಾತ್ರೆಯನ್ನು ರೂಢಿಯಂತೆ ಗೋಡೆಯೊಳಗಿನ ಮಾಡದಲ್ಲಿ ಮುಚ್ಚಿಟ್ಟಿದ್ದರು. ಏಕಾದಶಿಗೆ ಅಂಗಡಿ ಬಂದ್ ಎಂದು ಚಾಲಕರಿಗೆಲ್ಲ ಗೊತ್ತು, ಯಾರೂ ಬರುವುದಿಲ್ಲ. ಹನುಮಂತ ಮಾತ್ರ ಬಂದು ಬಾಗಿಲಲ್ಲಿ ನಿಂತ. ಗಿರಿಜಾಬಾಯಿ ಮಡಿಸೀರೆ ಉಟ್ಟು ಪೂಜೆಗೆ ಹೊರಟವರು, ಒಳಗಿನಿಂದಲೇ ಹೇಳಿದರು. "ಇವತ್ತ ಏಕಾದಶಿ ಅಲ್ಲೇನೋ? ನಾಳೆ ದ್ವಾದಶಿ ಊಟ ಆದ ಮ್ಯಾಲೆ ಬಾ." ಅವನು "ಆಗಲಿ ರೀ ಅವ್ವಾರ" ಎಂದು ಕೈಮುಗಿದು ಹೋದ.

"ಕಣ್ಣೆತ್ತಿ ಮಾರಿ ನೋಡಿದ್ದಿಲ್ರಿ," ಎನ್ನುತ್ತಾರೆ ಗಿರಿಜಾಬಾಯಿ. "ನೋಡಿದ್ರ ತಿಳೀತಿತ್ತು. ದೇವರ ಮಲಗೋ ತಯಾರಿ ಮಾಡ್ಲಿಕ್ಕೆ ಹತ್ತಿದ್ದೆ ನಾ. ಬಾಗಲಾಗ ನಿಂತಾಂವ ಮಲಗ್ಯಾನೋ ಇಲ್ಲೋ, ಒಂದ್ ಮಾತು ಕೇಳಲಿಲ್ಲ."

ಮರುದಿನ ನಸುಕಿನಲ್ಲಿ ಗಚ್ಚಿಬೌಲಿಯ ರಸ್ತೆಯಲ್ಲಿ ಹನುಮಂತನ ಗಾಡಿ ವಿಭಜಕಕ್ಕೆ ಹೊಡೆದು ಪಲ್ಟಿಯಾಯಿತು. ಹಿಂದೆ ಕೂತಿದ್ದ ಹುಡುಗಿಯ ಮುಂಗೈ ಮೂಳೆ ಮುರಿಯಿತು. ಅವನ ಎಡ ಮೊಣಕಾಲು ಪುಡಿಯಾಯಿತು. ಜೀವಕ್ಕೆ ಅಪಾಯವಾಗಲಿಲ್ಲ ಎಂದು ಎಲ್ಲರೂ ಸಮಾಧಾನಪಟ್ಟರು. ಬ್ರೇಕು ಕೆಟ್ಟಿರಲಿಲ್ಲ, ರಸ್ತೆ ಖಾಲಿಯಿತ್ತು. ಒಂದು ಗಳಿಗೆ ಅವನ ಕಣ್ಣು ಮುಚ್ಚಿತ್ತು, ಅಷ್ಟೇ.

ದ್ವಾದಶಿಯ ಊಟಕ್ಕೆ ಎಲೆ ಹಾಕಿ ಕೂತಾಗ ತಿಪ್ಪೇಸ್ವಾಮಿ ಸುದ್ದಿ ತಂದ. ಗಿರಿಜಾಬಾಯಿ ಕಲಸಿದ ಅನ್ನ ಬಿಟ್ಟು ಎದ್ದು, ಎಣ್ಣೆಯ ಸೀಸೆ ಸೆರಗಿನಲ್ಲಿ ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಆಸ್ಪತ್ರೆಗೆ ಹೋದರು. ಹನುಮಂತ ಗೋಡೆಯ ಕಡೆ ಮುಖ ತಿರುಗಿಸಿದ. "ನನ್ನ ತಲಿಗೆ ಕೈ ಹಚ್ಚಬ್ಯಾಡ್ರಿ ಅವ್ವಾರ" ಎಂಬುದೊಂದೇ ಮಾತು. ಸಿಟ್ಟಿನಿಂದ ಹಾಗೆಂದನೆಂದೇ ಗಿರಿಜಾಬಾಯಿ ತಿಳಿದರು. ಸಿಟ್ಟಾಗುವ ಹಕ್ಕು ಅವನಿಗಿದೆ ಎಂದುಕೊಂಡೇ ಮನೆಗೆ ಬಂದರು.

ಹದಿನೈದು ದಿನಕ್ಕೆ ಮತ್ತೊಂದು ಏಕಾದಶಿ ಬಂತು. ಆ ಬೆಳಿಗ್ಗೆ ಐದಕ್ಕೆ ಗಿರಿಜಾಬಾಯಿ ಮಾಡದಿಂದ ಎಣ್ಣೆಪಾತ್ರೆ ಇಳಿಸಿ, ತಿಪ್ಪೇಸ್ವಾಮಿಗೆ ಹುಡುಗರನ್ನು ಕರೆಯಲು ಹೇಳಿದರು. ಸುದ್ದಿ ತಿಳಿದು ಮೈದುನ ಜಯತೀರ್ಥಾಚಾರ್ಯರು ಅದೇ ಸಂಜೆ ಬಂದಿಳಿದರು. ಸಿಕ್ಕಸಿಕ್ಕವರ ತಲೆ ಮುಟ್ಟುತ್ತೀರೆಂದು ಅವರು ಮೊದಲಿನಿಂದಲೂ ಮೂಗು ಮುರಿಯುತ್ತಿದ್ದವರೇ. ಈಗ ಉಪವಾಸದ ದಿನವೂ ಎಣ್ಣೆಯೆಂದರೆ ಕೇಳಬೇಕೆ? ಎಣ್ಣೆ ಮುಟ್ಟಿದ ಕೈಯ ಏಕಾದಶಿಗೆ ಫಲವಿಲ್ಲ ಎಂದರು.

"ಫಲಾ ನನಗ ಬ್ಯಾಡ. ಇದ್ರ ಆ ಹುಡುಗನ ಮೊಣಕಾಲಿಗೆ ಹೋಗ್ಲಿ," ಎಂದರು ಗಿರಿಜಾಬಾಯಿ.

"ವೈನಿ, ನಾಳೆ ದೇವರಿಗೆ ಏನಂತ ಉತ್ತರಾ ಕೊಡತೀರಿ?"

"ಅಂವ ಈಗ ಮಲಗ್ಯಾನ. ಎದ್ದ ಮ್ಯಾಲೆ ಕೇಳ್ಲಿ, ಕೊಡತೀನಿ."

ಕೂತುಕೊಳ್ಳಲು ಹಾಕಿದ ಮಣೆಯನ್ನೂ ಮುಟ್ಟದೆ ಆಚಾರ್ಯರು ಹೊರಟುಹೋದರು. ಅಂದಿನಿಂದ ಇಂದಿನವರೆಗೆ ಬಂದ ಒಂದು ಏಕಾದಶಿಯೂ ಗಿರಿಜಾಬಾಯಿ ಉಪವಾಸ ಬಿಟ್ಟಿಲ್ಲ, ಒಂದು ಏಕಾದಶಿಯೂ ಎಣ್ಣೆ ಬಿಟ್ಟಿಲ್ಲ. ಆ ಎರಡು ಪ್ರಶ್ನೆಗಳೂ ಅಂದೇ ಶುರುವಾದವು. ಬಾಯಾರಿದ ಗಂಟಲಿನಲ್ಲಿ ಹದಿನಾಲ್ಕು ಮಂದಿಗೆ ಎರಡೆರಡು ಸಲ ಕೇಳುವುದೆಂದರೆ ಎಷ್ಟು ಕಷ್ಟ ಎಂದು ಇಂದು ಕಣ್ಣಾರೆ ನೋಡಿದರೆ ತಿಳಿಯುತ್ತದೆ. ಏಳನೆಯ ತಲೆಯ ಹೊತ್ತಿಗೆ ಅವರ ತುಟಿ ಒಣಗಿ ಬಿರಿದಿದೆ, ಕೈಯ ಲಯ ಮಾತ್ರ ಮೊದಲಿನ ತಲೆಯಲ್ಲಿದ್ದಂತೆಯೇ ಇದೆ.

ಹನುಮಂತ ಈಗ ರೇತಿಬೌಲಿಯ ಒಂದು ಪಂಕ್ಚರ್ ಅಂಗಡಿಯಲ್ಲಿ ಕೂತು ಮಾಡುವ ಕೆಲಸಕ್ಕಿದ್ದಾನೆ. ಕಾಲು ಕುಂಟುತ್ತದೆ. ಆಸ್ಪತ್ರೆಯ ಮಾತ್ರೆಗೆ ಕಣ್ಣು ಮುಚ್ಚುತ್ತದೆ. ಎರಡು ತಾಸು ಕಳೆಯುವುದರೊಳಗೆ ಬೆಚ್ಚಿಬಿದ್ದು ಎದ್ದು, ಗಾಳಿಯಲ್ಲಿ ಬಲಗಾಲು ಒತ್ತಿ ಬ್ರೇಕು ಹುಡುಕುತ್ತಾನೆ. ಇದನ್ನು ಹೇಳಿದವನು ಅವನ ಖೋಲಿಯ ಜೊತೆಗಾರ. ಗಿರಿಜಾಬಾಯಿ ಪ್ರತಿ ಶನಿವಾರ ಸಂಜೆ ಒಂದು ಸಣ್ಣ ಸೀಸೆ ಎಣ್ಣೆ ಒಯ್ದು ಕೊಡುತ್ತಾರೆ. ಅವನು ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾನೆ, ಚಹಾ ತರಿಸುತ್ತಾನೆ, ಸೀಸೆಯನ್ನು ಗ್ರೀಸ್ ಡಬ್ಬಿಗಳ ಪಕ್ಕ ಇಡುತ್ತಾನೆ. ಒಂದರ ಮುಚ್ಚಳವನ್ನೂ ತೆರೆದಿಲ್ಲ. ಆಸ್ಪತ್ರೆಯಲ್ಲಿದ್ದಾಗ ಕೊಟ್ಟವೂ ಸೇರಿ ಈಗ ಹಲಗೆಯ ಮೇಲೆ ನಲವತ್ತೇಳು ಸೀಸೆಗಳಿವೆ. ನಡುವೆ ಮೂರು ಶನಿವಾರ ಗಿರಿಜಾಬಾಯಿಗೆ ಜ್ವರವಿತ್ತು.

ಏಳೂವರೆಯ ಹೊತ್ತಿಗೆ ಸಾಲು ಕರಗಿದೆ. ಕೊನೆಯವನಿಗೆ ಎಣ್ಣೆ ಹಚ್ಚಿ ಮುಗಿಸಿ ಗಿರಿಜಾಬಾಯಿ ಕೈ ಒರೆಸಿಕೊಳ್ಳುತ್ತಿರುವಾಗ ಓಣಿಯಲ್ಲಿ ಕೋಲೂರುವ ಸದ್ದು ಕೇಳಿಸುತ್ತದೆ. ತಿಪ್ಪೇಸ್ವಾಮಿ ಬಟ್ಟಲು ಕೆಳಗಿಟ್ಟು ಎದ್ದು ನಿಲ್ಲುತ್ತಾನೆ. ಬಾಗಿಲಲ್ಲಿ ಹನುಮಂತ.

ಗಿರಿಜಾಬಾಯಿ ಒಳಗೆ ಕರೆಯುವುದಕ್ಕೂ ಕಾಯುವುದಿಲ್ಲ. ಅವನೇ ಚಪ್ಪಲಿ ಕಳಚಿ, ಗೋಡೆ ಹಿಡಿದು ಬಂದು, ಕಷ್ಟಪಟ್ಟು ಮಣೆಯ ಮೇಲೆ ಕೂಡುತ್ತಾನೆ. ಎಡಗಾಲು ಮಡಚಲು ಬಾರದೆ ನೆಟ್ಟಗೆ ಮುಂದೆ ಚಾಚಿಕೊಂಡಿದೆ.

"ಇವತ್ತ ಏಕಾದಶಿ ಐತಿ ಅಂತ ಗೊತ್ತೈತ್ರಿ. ಅದಕ್ಕ ಬಂದೀನಿ," ಎನ್ನುತ್ತಾನೆ ಬೆನ್ನು ತಿರುಗಿಸಿಕೊಂಡೇ. "ಒಂದ ಮಾತು ಹೇಳೂದಿತ್ರಿ. ಹೋದ ವರ್ಷ ಬಂದಾಗ ನಾ ಮಲಗಿ ನಾಕು ದಿನ ಆಗಿತ್ತು. ಡಬಲ್ ಪಾಳಿ ಹೊಡೆಯಾಕತ್ತಿದ್ದೆ."

"ನಾ ಕೇಳಲಿಲ್ಲಲ್ಲೋ ತಮ್ಮಾ," ಎನ್ನುತ್ತಾರೆ ಗಿರಿಜಾಬಾಯಿ.

"ನೀವು ಕೇಳಿದ್ರೂ ನಾ ಸುಳ್ಳ ಹೇಳ್ತಿದ್ದೆ ರೀ. ಖರೇ ಹೇಳಿದ್ರ ಕೀಲಿ ಕಸ್ಕೊಂತಿದ್ರಿ. ಎಣ್ಣಿ ಹಚಿಗೊಂಡು ಒಂದ ತಾಸು ಅಡ್ಡಾಗಿ ಮತ್ತ ಗಾಡಿ ಹತ್ತಬೇಕಂತ ಮಾಡಿದ್ದೆ. ಆ ಹುಡುಗಿ ಕೈ ಮುರದದ್ದು ನಿಮ್ಮಿಂದ ಅಲ್ರಿ ಅವ್ವಾರ. ನೀವು ಶನಿವಾರಕ್ಕೊಮ್ಮೆ ತಪ್ಪು ಮಾಡಿದವ್ರಂಗ ಸೀಸೆ ಹಿಡಕೊಂಡು ಬರತಿದ್ರಿ. ನಂಗ ಮಾರಿ ಎತ್ತಿ ನೋಡಾಕ ಆಗ್ತಿದ್ದಿಲ್ಲ."

ಒಂದು ವರ್ಷ ತಪ್ಪು ತಮ್ಮದೇ ಎಂದು ಹೊತ್ತು ತಿರುಗಿದ ಇಬ್ಬರೂ ಬಾಯಿ ಬಿಟ್ಟು ಆಡಿದ್ದು ಇಷ್ಟೇ ಮಾತು. ಗಿರಿಜಾಬಾಯಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ, ಆಮೇಲೆ ಎಲ್ಲರಿಗೂ ಕೇಳುವ ದನಿಯಲ್ಲೇ ಕೇಳುತ್ತಾರೆ.

"ಕಡೀಗೆ ಯಾವಾಗ ನಿದ್ದಿ ಮಾಡಿದಿ?"

"ಹೋದ ಆಷಾಢಕ್ಕ ರೀ."

"ಮತ್ತ ಯಾವಾಗ ಗಾಡಿ ಹತ್ತಬೇಕು?"

"ಇನ್ನ ಹತ್ತಂಗಿಲ್ರಿ."

"ಅದನ್ನ ಎದ್ದ ಮ್ಯಾಲೆ ಹೇಳು," ಎಂದು ಗಿರಿಜಾಬಾಯಿ ಎರಡೂ ಅಂಗೈ ಎಣ್ಣೆಗೆ ಅದ್ದಿ ಅವನ ನೆತ್ತಿಯ ಮೇಲೆ ಇಡುತ್ತಾರೆ.

ಹತ್ತು ನಿಮಿಷದ ಲೆಕ್ಕ ಇವನಿಗಿಲ್ಲ. ಬೆರಳು ಹೋದಲ್ಲೆಲ್ಲ ಬಿಗುವು, ಬಿಟ್ಟುಕೊಡದ ಬಿಗುವು. ಗಿರಿಜಾಬಾಯಿ ಮೂರು ಸಲ ನೆತ್ತಿಗೆ ಎಣ್ಣೆ ಬಿಡುತ್ತಾರೆ. ತಿಪ್ಪೇಸ್ವಾಮಿ ಹನುಮಂತನ ಚಾಚಿದ ಕಾಲ ಬಳಿ ಕೂತು ಅಂಗಾಲಿಗೆ ಕಂಚಿನ ಬಟ್ಟಲು ಆಡಿಸುತ್ತಾನೆ. ಅರ್ಧ ತಾಸು ಕಳೆಯುತ್ತದೆ. ಹನುಮಂತನ ಬಲಗಾಲು ಒಮ್ಮೆ ಜೋರಾಗಿ ಅದುರಿ ಮುಂದಕ್ಕೆ ಒತ್ತುತ್ತದೆ. ತಿಪ್ಪೇಸ್ವಾಮಿ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು "ನಿಂತದೆ ಕಣೋ, ಗಾಡಿ ನಿಂತದೆ" ಎಂದು ಮೆಲ್ಲಗೆ ಹೇಳುತ್ತಾನೆ. ಪಾದ ಸಡಿಲಾಗುತ್ತದೆ. ಸ್ವಲ್ಪ ಹೊತ್ತಿಗೆ ತಲೆ ಹಿಂದಕ್ಕೆ ವಾಲಿ ಗಿರಿಜಾಬಾಯಿಯ ಮೊಣಕಾಲಿಗೆ ಆನುತ್ತದೆ, ಬಾಯಿ ಅರೆತೆರೆಯುತ್ತದೆ.

ಗಿರಿಜಾಬಾಯಿ ಹಾಗೇ ಕೂಡುತ್ತಾರೆ. ಕೈ ತೆಗೆದರೆ ಎಚ್ಚರಾದೀತೆಂದು ತೆಗೆಯುವುದಿಲ್ಲ. ಎಂಟೂವರೆಯಾಗುತ್ತದೆ, ಒಂಬತ್ತಾಗುತ್ತದೆ. ನಿನ್ನೆ ಮಧ್ಯಾಹ್ನದಿಂದ ನೀರು ಕಾಣದ ಅರವತ್ತನಾಲ್ಕರ ಮುದುಕಿ, ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ, ಬೆಳೆದ ಗಂಡಸಿನ ತಲೆಯ ಭಾರ ಹೊತ್ತು. ತಿಪ್ಪೇಸ್ವಾಮಿ ಹಿಂದಿನಿಂದ ಬಂದು ಅವರ ಬೆನ್ನಿಗೆ ತನ್ನ ಬೆನ್ನು ಕೊಟ್ಟು ನೆಲದ ಮೇಲೆ ಮಂಡಿಯೂರುತ್ತಾನೆ. ಹೊರಗೆ ರಾತ್ರಿ ಮಲಗಿ ಹಗಲು ಪಾಳಿಗೆ ಬಂದ ಇಬ್ಬರು ಚಾಲಕರು ಸುಮೋದ ಬಾಗಿಲು ತೆರೆದು, ಇಂಜಿನ್ ಶುರು ಮಾಡದೆ, ಇನ್ನೂ ಮೂವರನ್ನು ಕೈಸನ್ನೆಯಿಂದ ಕರೆದು, ಗಾಡಿಯನ್ನು ಓಣಿಯುದ್ದಕ್ಕೂ ಕೈಯಿಂದಲೇ ತಳ್ಳಿಕೊಂಡು ದೊಡ್ಡ ರಸ್ತೆಗೆ ಒಯ್ಯುತ್ತಾರೆ. ಇಂಥದ್ದನ್ನು ಈ ಶಹರದಲ್ಲಿ ನೋಡಸಿಗುತ್ತದೆಂದು ಯಾರು ನಂಬುತ್ತಾರೆ?

ಒಂಬತ್ತೂವರೆ. ಕೊನೆಯ ಪ್ರಶ್ನೆ ಕೇಳಬೇಕೆಂದು ಪತ್ರಿಕೆಯವರು ಹತ್ತಿರ ಸರಿದು ಪಿಸುದನಿಯಲ್ಲಿ ಶುರು ಮಾಡುತ್ತಾರೆ: ಇಷ್ಟು ವರ್ಷದ ಈ ಸೇವೆಗೆ ನೀವು ಏನು ಬಯಸುತ್ತೀರಿ? ಗಿರಿಜಾಬಾಯಿ ಕತ್ತು ಅಲ್ಲಾಡಿಸದೆ ಕಣ್ಣಿನಿಂದಲೇ ಗದರುತ್ತಾರೆ. ಒಣಗಿದ ತುಟಿಯಿಂದ ಮಾತು ಉಸಿರಿನಷ್ಟೇ ಸಣ್ಣಗೆ ಬರುತ್ತದೆ.

"ಬರಿಯೂದು ಆಮ್ಯಾಲೆ ಬರೀರಿ. ಈಗ ಕಾಯಿಪಲ್ಲೆ ಗಾಡಿಯಾಂವ ಬರೋ ಹೊತ್ತಾತು, ಭಾಳ ಒದರತಾನ ಅಂವ. ಓಣಿ ತುದೀಗೆ ಹೋಗಿ ನಿಂದರ್ರಿ. ಇಲ್ಲೊಬ್ಬಾಂವ ಮಲಗ್ಯಾನ ಅಂತ ಹೇಳ್ರಿ."